ಸೋದರತ್ತೆಗೂ ಬೇಕಾದ ಒಪ್ಪಿಗೆ ಪತ್ರ

ತಮ್ಮನ ಮನೆಯಲ್ಲಿ ಫುಸಿಯ ಮಾತಿಗೆ ಎರಡಿಲ್ಲ. ಪೆಸಿಫಿಕ್ ಸಾಗರದ ದ್ವೀಪದೇಶ ಟೋಂಗಾದಲ್ಲಿ ಸೋದರತ್ತೆ ಎಂದರೆ ಹಾಗೆಯೇ. ಮದುವೆಯಾಗಲಿ, ಸಾವಾಗಲಿ, ಮೇಲಿನ ಜಾಗದಲ್ಲಿ ಅವಳು ಕೂರಬೇಕು, ಒಳ್ಳೆಯ ಚಾಪೆ ಮೊದಲು ಅವಳ ಕೈಗೆ ಹೋಗಬೇಕು. ತಮ್ಮನ ಮಗಳಿಗೆ ಕಲೊಲೈನೆ ಎಂದು ಹೆಸರಿಟ್ಟವಳೂ ಅವಳೇ. ಹುಡುಗಿಗೆ ಈಗ ಆರು ತುಂಬಿದೆ. ಕೊಲೊವಾಯ್ ಊರಿಗೆಲ್ಲ ಅವಳು ಕಲೊ.

ಕಲೊಳ ಅಪ್ಪ ಹಾಲೋತಿ ಆಸ್ಟ್ರೇಲಿಯಾದ ಹಣ್ಣಿನ ತೋಟದಲ್ಲಿ ಕೆಲಸಕ್ಕಿದ್ದಾನೆ. ಅಮ್ಮ ಲೆಸಿಯೆಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಗಂಡ ಹೆಂಡತಿಗೆ ಜಗಳವೇನೂ ಇಲ್ಲ. ಕೆಲಸ ಸಿಕ್ಕ ಕಡೆ ಒಬ್ಬೊಬ್ಬರು ಹೋದರು, ಮಗು ಸೋದರತ್ತೆಯ ಮಡಿಲಲ್ಲಿ ಉಳಿಯಿತು. ಮೂರು ವರ್ಷದಿಂದ ಕಲೊ ಅಮ್ಮನನ್ನು ಫೋನಿನಲ್ಲಿ ಮಾತ್ರ ನೋಡಿದ್ದಾಳೆ, ಅದೂ ಭಾನುವಾರ ಚರ್ಚು ಮುಗಿದ ಮೇಲೆ.

ಆ ಭಾನುವಾರ ಕಲೊ ಫೋನು ಕೊಟ್ಟು ಆಡಲು ಓಡಿದಳು. ಲೆಸಿಯೆಲಿ ಮಾತ್ರ ಫೋನು ಇಡಲಿಲ್ಲ.

"ಅತ್ತಿಗೆ, ಡಿಸೆಂಬರ್ ರಜಕ್ಕೆ ಮಗೂನ ಕರ್ಕೊಂಡು ಬನ್ನಿ. ನನಗೆ ಅಲ್ಲಿಗೆ ಬರೋಕೆ ರಜ ಸಿಗ್ತಿಲ್ಲ. ಇಲ್ಲಿ ಅಜ್ಜಿಯಂದಿರಿಗೆಲ್ಲ ತಲೆ ಬಾಚ್ತೀನಿ. ನನ್ನ ಮಗಳಿಗೆ ಜಡೆ ಹಾಕಿ ಮೂರು ವರ್ಷ ಆಯ್ತು."

ಫುಸಿ ತಡಮಾಡಲಿಲ್ಲ. "ಕರ್ಕೊಂಡು ಬರ್ತೀನಿ ಬಿಡು" ಅಂದಳು. ಅವಳು ಅಂದ ಮೇಲೆ ಆಯಿತು. ಲೆಸಿಯೆಲಿ ಅಲ್ಲಿಂದಲೇ ಓಡಾಡಿ ವೀಸಾ ಮಾಡಿಸಿದಳು, ಟಿಕೆಟ್ ಕಳಿಸಿದಳು.

ಊರಿನ ಹೆಂಗಸರು ಸೇರಿ ಕೇದಗೆ ಗರಿಯ ಚಾಪೆ ಹೆಣೆಯುತ್ತಿದ್ದಾಗ ಫುಸಿ ಈ ಸುದ್ದಿ ಹೇಳಿದಳು. ಪಕ್ಕದಲ್ಲಿ ಕೂತಿದ್ದವಳು ಓಫಾ. ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು.

"ಲೆಸಿಯೆಲಿ, ಹಾಲೋತಿ ಇಬ್ರಿಂದಲೂ ಒಪ್ಪಿಗೆ ಪತ್ರ ತರಿಸಿದ್ಯಾ?" ಎಂದು ಓಫಾ ಕೇಳಿದಳು.

"ಯಾತರ ಪತ್ರ? ವೀಸಾನೇ ಬಂದಿದೆ."

"ವೀಸಾ ಬೇರೆ, ಇದು ಬೇರೆ ಕಣೆ. ಅಪ್ಪ ಅಮ್ಮ ಜೊತೇಲಿ ಇಲ್ದೆ ಮಗು ದೇಶ ಬಿಡುತ್ತೆ ಅಂದ್ರೆ, ನಮಗೆ ಒಪ್ಪಿಗೆ ಇದೆ ಅಂತ ಅವರು ಬರೆದು ಕೊಟ್ಟಿರಬೇಕು. ಕೇಳಿದ್ರೂ ಕೇಳಬಹುದು, ಕೇಳದೇನೂ ಇರಬಹುದು. ಕೇಳಿದಾಗ ಇಲ್ಲ ಅಂದ್ರೆ ಹೋಯ್ತು."

ಫುಸಿ ನಕ್ಕಳು. "ತಮ್ಮನ ಹತ್ರ ಅಪ್ಪಣೆ ಕೇಳೋ ಅಕ್ಕ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ನೀನು ಆಫೀಸು ಬಿಟ್ರೂ ಆಫೀಸು ನಿನ್ನ ಬಿಟ್ಟಿಲ್ಲ ನೋಡು."

ಹೆಂಗಸರೆಲ್ಲ ನಕ್ಕರು. ಓಫಾ ಮತ್ತೆ ಗರಿ ಕೈಗೆತ್ತಿಕೊಂಡಳು. ಬುದ್ಧಿ ಹೇಳಿದವರನ್ನು ನಕ್ಕು ಬಾಯಿ ಮುಚ್ಚಿಸುವುದು ಎಲ್ಲ ಊರಿನಲ್ಲೂ ಸುಲಭದ ಕೆಲಸ.

ಹೊರಡುವ ದಿನ ಫುಸಿ ಒಳ್ಳೆಯ ಬಟ್ಟೆಯ ಮೇಲೆ, ದೊಡ್ಡವರ ಎದುರು ಹೋಗುವಾಗ ಕಟ್ಟುವ ಚಾಪೆಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕಲೊಗೆ ಎರಡು ಜಡೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿಯೂ ಟೋಂಗಾದವಳೇ. ಎರಡು ಪಾಸ್‌ಪೋರ್ಟ್ ತಿರುವಿ ನೋಡಿ ಕೇಳಿದಳು:

"ಅಮ್ಮಾ, ಮಗು ನಿಮ್ಮದಾ?"

"ನನ್ನ ತಮ್ಮನ ಮಗಳು."

"ತಂದೆ ತಾಯಿ ಬರೆದುಕೊಟ್ಟ ಪತ್ರ ಇದೆಯಾ?"

"ತಾಯಿ ಅಲ್ಲಿ ಕಾಯ್ತಿದಾಳೆ. ತಂದೆ ಆಸ್ಟ್ರೇಲಿಯಾದಲ್ಲಿದಾನೆ. ನಾನು ಸೋದರತ್ತೆ ನಿಂತಿದೀನಲ್ಲ, ಇನ್ನೇನು ಬೇಕು?"

ಹುಡುಗಿ ತಲೆ ತಗ್ಗಿಸಿದಳು, ಆದರೆ ಪಾಸ್‌ಪೋರ್ಟ್ ಮುಂದೆ ಸರಿಸಲಿಲ್ಲ. "ನನ್ನ ಸ್ವಂತ ಸೋದರತ್ತೆ ಬಂದು ನಿಂತ್ರೂ ನಾನು ಇದನ್ನೇ ಕೇಳಬೇಕು, ಅಮ್ಮಾ."

ಮೇಲಿನ ಅಧಿಕಾರಿ ಬಂದರು. ಹಾಲೋತಿಗೆ ಫೋನು ಮಾಡಿದರು, ತೋಟದಲ್ಲಿದ್ದವನು ಎತ್ತಲಿಲ್ಲ. ಲೆಸಿಯೆಲಿ ಎತ್ತಿದಳು, ಬೇಡಿಕೊಂಡಳು. ಫೋನಿನಲ್ಲಿ ಅಳುವವಳು ಮಗುವಿನ ತಾಯಿಯೇ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ವಿಮಾನ ಹೋಯಿತು.

ವ್ಯಾನಿನಲ್ಲಿ ಮನೆಗೆ ಬರುವಾಗ ಕಲೊ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಫುಸಿಗೆ ಸಮಾಧಾನ ಮಾಡಲು ಬರುತ್ತಿತ್ತು. ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿತು ಮಗು:

"ಅತ್ತೆ, ಅಮ್ಮಂಗೆ ನಾನು ಬೇಡ್ವಾ?"

ಫುಸಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಮರುದಿನ ಅವಳೇ ಓಫಾಳ ಮನೆಗೆ ನಡೆದಳು. ಅದು ಅವಳಿಗೆ ಎಷ್ಟು ಕಷ್ಟದ ನಡಿಗೆ ಎಂದು ಊರಿನವರಿಗೆ ಗೊತ್ತು. "ನಿನ್ನ ಮಾತು ಕೇಳಬೇಕಿತ್ತು. ಈಗ ಏನ್ ಮಾಡ್ಲಿ ಹೇಳು" ಅಂದಳು.

ಓಫಾ ಚುಚ್ಚಲಿಲ್ಲ. ಲೆಸಿಯೆಲಿಗೆ ಏನು ಬರೆಯಬೇಕೆಂದು ಮೊದಲು ತಿಳಿಸಿ, ಆಮೇಲೆ ಹಾಲೋತಿಗೆ ಫೋನು ಮಾಡಿದಳು. ಅಕ್ಕನ ಜೊತೆ ತಮ್ಮ ಸಲಿಗೆಯಿಂದ ಮಾತಾಡುವುದು ಅಲ್ಲಿನ ಮರ್ಯಾದೆಯಲ್ಲ. ಹಾಗಾಗಿ ಓಫಾ ಮಾತಾಡಿದಳು, ಫುಸಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಕಷ್ಟ ಅಲ್ಲೇ ಎದುರಾಯಿತು.

"ಓಫಾ ಅಕ್ಕ, ಅದೊಂದು ಕೇಳಬೇಡಿ" ಅಂದ ಹಾಲೋತಿ. "'ನನ್ನ ಅಕ್ಕನಿಗೆ ಅನುಮತಿ ಕೊಡುತ್ತೇನೆ' ಅಂತ ನಾನು ಬರೀಲಾ? ಅನುಮತಿ ಕೊಡೋಕೆ ನಾನ್ಯಾರು? ನಮ್ಮಪ್ಪ ಸಮಾಧಿಯಿಂದ ಎದ್ದು ಬಂದಾರು."

"ಮಗಳು ನಿಂದಲ್ವೇನೋ?"

"ಮಗಳು ನಂದು. ಆದ್ರೆ ಅಕ್ಕ ನನಗಿಂತ ಮೇಲೆ."

ಫುಸಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಅಳು. ತಮ್ಮನನ್ನು ಚೆನ್ನಾಗಿ ಬೆಳೆಸಿದ್ದಕ್ಕೆ ಸಿಕ್ಕ ಫಲ ಇದು. "ಅವನು ಹೇಳೋದೂ ನಿಜ ತಾನೆ?" ಎಂದಳು. "ಬರೆದ್ರೆ ನನ್ನನ್ನ ಕೆಳಗಿಳಿಸಿದ ಹಾಗೆ."

ಓಫಾ ಫೋನನ್ನು ಇಬ್ಬರಿಗೂ ಕೇಳುವ ಹಾಗೆ ನೆಲದ ಮೇಲಿಟ್ಟಳು.

"ಇಬ್ರೂ ಕೇಳಿ. ನಾನು ಕಚೇರೀಲಿದ್ದಾಗ ಒಬ್ಬ ಪ್ರತಿ ಸೋಮವಾರ ಬರ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬರೋನು. ಅವನ ಹೆಂಡ್ತಿ ಜಗಳ ಮಾಡಿ ಮಗನ್ನ ಬೇರೆ ದೇಶಕ್ಕೆ ಕರ್ಕೊಂಡು ಹೋಗಿದ್ಲು. ಯಾರೂ ತಡೆದು ಕೇಳಿರಲಿಲ್ಲ. 'ಏನಾದ್ರೂ ತಿಳೀತಾ?' ಅನ್ನೋನು. 'ಇಲ್ಲಪ್ಪ' ಅನ್ನೋಳು ನಾನು. ಎರಡು ವರ್ಷ ಆದ್ಮೇಲೆ ಕೇಳೋದನ್ನೂ ಬಿಟ್ಟ. ಸುಮ್ನೆ ಬಂದು ಬೆಂಚಿನ ಮೇಲೆ ಕೂತು ಹೋಗೋನು."

ಓಫಾ ಫೋನನ್ನು ಫುಸಿಯ ಕಡೆಗೆ ಸರಿಸಿದಳು.

"ಕೌಂಟರ್ ಹುಡುಗಿ ಪತ್ರ ಕೇಳೋದು ಅಂಥವರಿಗೋಸ್ಕರ. ಫುಸಿ, ನೀನು ಸಾಕಿದೋಳೋ ಕದ್ದು ಒಯ್ಯೋಳೋ ಅಂತ ನಿನ್ನ ಹಣೇಲಿ ಬರ್ದಿದ್ಯಾ? ಇದು ನಿನಗೆ ಕೊಡೋ ಅಪ್ಪಣೆ ಅಲ್ಲ ಕಣೆ, ಮಗುಗೆ ಹಾಕೋ ಕಾವಲು. ನಾಳೆ ಯಾರೋ ದುಷ್ಟ 'ನಾನು ಚಿಕ್ಕಪ್ಪ' ಅಂತ ಕಲೊ ಕೈ ಹಿಡ್ಕೊಂಡು ನಿಂತ್ರೆ, ಅವನನ್ನೂ ಕೇಳದೆ ಬಿಡಬೇಕಾ?"

ಆಗ ಫುಸಿ ವರ್ಷಗಳಿಂದ ಮಾಡದ ಕೆಲಸ ಮಾಡಿದಳು. ತಮ್ಮನ ಜೊತೆ ಮಾತಾಡಲು ಫೋನನ್ನು ತಾನೇ ಕೈಗೆತ್ತಿಕೊಂಡಳು.

"ಹಾಲೋತಿ, ನನ್ನ ಮಾತು ಯಾವತ್ತಾದ್ರೂ ಮೀರಿದೀಯಾ?"

"ಇಲ್ಲ ಅಕ್ಕ."

"ಹಾಗಾದ್ರೆ ಬರಿ. ನನಗೆ ಅನುಮತಿ ಕೊಡು ಅಂತ ನಾನೇ ಹೇಳ್ತಿದೀನಿ."

ಅಪ್ಪಣೆ ಕೊಡು ಎಂದು ಅಕ್ಕನೇ ಅಪ್ಪಣೆ ಮಾಡಿದ ಮೇಲೆ ತಮ್ಮ ಇನ್ನೇನು ಮಾಡಿಯಾನು? ಓಫಾ ಹೇಳುತ್ತಾ ಹೋದಳು, ಅವನು ಬರೆದುಕೊಂಡ. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ. ಕರೆದೊಯ್ಯುವವರು ಯಾರು, ಮಗುವಿಗೆ ಏನಾಗಬೇಕು, ಅವರ ಪಾಸ್‌ಪೋರ್ಟ್ ಸಂಖ್ಯೆ. ಎಲ್ಲಿಗೆ, ಯಾವ ವಿಳಾಸದಲ್ಲಿ ಉಳಿಯುತ್ತಾರೆ, ಯಾವತ್ತು ಹೋಗಿ ಯಾವತ್ತು ಬರುತ್ತಾರೆ. ಮಗುವಿಗೆ ಹುಷಾರು ತಪ್ಪಿದರೆ ಚಿಕಿತ್ಸೆ ಕೊಡಿಸಲು ಒಪ್ಪಿಗೆ. ಕೊನೆಗೆ ಫೋನ್ ನಂಬರು.

"ಸಹಿ ಮಾತ್ರ ಈಗಲೇ ಹಾಕಬೇಡ" ಎಂದಳು ಓಫಾ. "ಸಾಕ್ಷಿ ಹಾಕೋಕೆ ಅಧಿಕಾರ ಇರೋರ ಕಣ್ಣೆದುರಿಗೇ ಹಾಕಬೇಕು. ನಿನ್ನ ಪಾಸ್‌ಪೋರ್ಟ್ ತಗೊಂಡು ಹೋಗು."

ಆಸ್ಟ್ರೇಲಿಯಾದಲ್ಲಿ ಹಾಲೋತಿ ಇದ್ದ ಊರಿನ ಲೈಬ್ರರಿಯಲ್ಲಿ ಶನಿವಾರ ಅಂಥವರೊಬ್ಬರು ಕೂರುತ್ತಿದ್ದರು. ವಿಮಾನ ಕಂಪನಿಗೆ ಫೋನು ಮಾಡಿ ವಿಚಾರಿಸಿದರೆ, ಮೂಲ ಪತ್ರವೇ ಇರಲಿ ಅಂದರು. ಕ್ರಿಸ್ಮಸ್ಸಿಗೆಂದು ಊರಿಗೆ ಹೊರಟಿದ್ದ ಜೊತೆಯ ಕೆಲಸಗಾರನ ಕೈಯಲ್ಲಿ ಪತ್ರ ಬಂತು.

ಲೆಸಿಯೆಲಿಯ ಪತ್ರ ಮಾತ್ರ ಬರಲಿಲ್ಲ. ಅವಳು ಫೋನು ಮಾಡಿದಳು.

"ಅತ್ತಿಗೆ, ಎಲ್ಲ ಬರ್ದೆ. ವಾಪಸ್ ಬರೋ ತಾರೀಖು ಮಾತ್ರ ಖಾಲಿ ಬಿಟ್ಟಿದೀನಿ. ಮಗು ಇನ್ನೂ ಬಂದೇ ಇಲ್ಲ. ಹೋಗೋ ದಿನಾನ ನನ್ನ ಕೈಯಾರೆ ಹೇಗೆ ಬರೀಲಿ?"

ಅಮ್ಮನನ್ನು ಕಂಡ ಮೇಲೆ ಮಗು ವಾಪಸು ಬಂದೀತೇ ಎಂಬ ಅಂಜಿಕೆಯನ್ನು ಫುಸಿ ಯಾರಿಗೂ ಹೇಳಿರಲಿಲ್ಲ, ಓಫಾಗೂ ಹೇಳಿರಲಿಲ್ಲ. ಇಬ್ಬರಿಗೂ ಬೇಕಾದದ್ದು ಒಂದೇ ಮಗು.

"ಬರಿ, ಲೆಸಿಯೆಲಿ" ಎಂದಳು ಫುಸಿ. "ನಾನೂ ಆ ಜಾಗ ಖಾಲಿ ಇದ್ರೆ ನಿದ್ದೆ ಮಾಡಲ್ಲ. ಹೇಳಿದ ದಿನ ಹೋಗಿ ಹೇಳಿದ ದಿನ ಬಂದ್ರೆ, ಮುಂದಿನ ರಜಕ್ಕೂ ಧೈರ್ಯವಾಗಿ ಕಳಿಸಬಹುದು. ಆಮೇಲೆ ಅವಳು ಎಲ್ಲಿ ಬೆಳೀಬೇಕು ಅಂತ ಮೂವರೂ ಕೂತು ಮಾತಾಡೋಣ. ಕದ್ದು ಮುಚ್ಚಿ ಬೇಡ."

"ಜನವರಿ ಇಪ್ಪತ್ತು" ಅಂದಳು ಲೆಸಿಯೆಲಿ. "ಸಾಕ್ಷಿ ಎದುರು ಸಹಿ ಹಾಕ್ತೀನಿ. ನಾಳೆ ಚರ್ಚಿನವರು ಊರಿಗೆ ಹೊರಟಿದಾರೆ, ಅವರ ಕೈಲಿ ಕಳಿಸ್ತೀನಿ."

ಟಿಕೆಟ್ ಬೇರೆ ದಿನಕ್ಕೆ ಬದಲಾಯಿಸಿಕೊಂಡು ಹೋದಾಗ, ಈ ಸಲವೂ ಕೌಂಟರಿನಲ್ಲಿ ಅದೇ ಹುಡುಗಿ. ಎರಡೂ ಪತ್ರ ಓದಿದಳು, ಕಲೊಳ ಜನನ ಪ್ರಮಾಣಪತ್ರದ ಜೊತೆ ಹೆಸರು ಹೋಲಿಸಿದಳು, ಹಾಲೋತಿಗೆ ಫೋನು ಮಾಡಿದಳು. ಅವನು ಮೊದಲ ರಿಂಗಿಗೇ ಎತ್ತಿದ. ಆ ದಿನ ತೋಟದಲ್ಲಿ ಫೋನು ಕೈಯಲ್ಲೇ ಹಿಡಿದುಕೊಂಡಿದ್ದನಂತೆ. ಆಕ್ಲೆಂಡಿನಲ್ಲಿ ಇಳಿದಾಗಲೂ ಪತ್ರ ಕೇಳಿದರು. ಫುಸಿ ಬೇಸರ ಮಾಡಿಕೊಳ್ಳದೆ ತೆಗೆದು ಕೊಟ್ಟಳು.

ಹೊರಗೆ ಲೆಸಿಯೆಲಿ ಹೊಸ ಫ್ರಾಕು ಹಿಡಿದು ನಿಂತಿದ್ದಳು. ಅಲ್ಲೇ ಮಂಡಿಯೂರಿ ಮಗಳ ಮೈಗೆ ಇಟ್ಟು ನೋಡಿದಳು. ಫ್ರಾಕು ಮೊಣಕಾಲಿಗಿಂತ ಗೇಣುದ್ದ ಮೇಲೆಯೇ ನಿಂತಿತು. ಫೋನಿನಲ್ಲಿ ನೋಡಿದ ಅಂದಾಜಿನ ಮೇಲೆ ತಂದಿದ್ದಳು. "ಇಷ್ಟುದ್ದ ಆಗಿದೀಯಾ ನೀನು" ಎಂದು ಮಗಳನ್ನು ತಬ್ಬಿಕೊಂಡು ಅತ್ತಳು. ಫುಸಿ ಸಾಮಾನಿನ ಗಾಡಿ ಹಿಡಿದು ಬೇರೆ ಕಡೆ ನೋಡುತ್ತಾ ನಿಂತಳು.

ಈ ಕಥೆ ಓದಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವೂ ಅಜ್ಜಿಯ ಜೊತೆಗೋ, ಅತ್ತೆಯ ಜೊತೆಗೋ, ಅಪ್ಪ ಅಮ್ಮಂದಿರಲ್ಲಿ ಒಬ್ಬರ ಜೊತೆಗೋ ಬೇರೆ ದೇಶಕ್ಕೆ ಹೊರಟಿದೆಯೇ? ಜೊತೆಯಲ್ಲಿ ಬರದ ತಂದೆ ತಾಯಿಯಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ನೋಟರಿಯ ಎದುರು ಸಹಿ ಹಾಕಿಸಿ. ಮಗುವಿನ ಜನನ ಪ್ರಮಾಣಪತ್ರ, ತಂದೆ ತಾಯಿಯ ಗುರುತಿನ ಚೀಟಿಯ ನಕಲು ಜೊತೆಗಿರಲಿ. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಮಗು ಯಾರ ಬಳಿ ಇರಬೇಕೆಂದು ನ್ಯಾಯಾಲಯ ಹೇಳಿದ್ದರೆ ಆ ಆದೇಶ ಇಟ್ಟುಕೊಳ್ಳಿ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಹಾಗಾಗಿ ವಿಮಾನ ಕಂಪನಿಯನ್ನೂ, ಹೋಗುವ ದೇಶದ ರಾಯಭಾರ ಕಚೇರಿಯನ್ನೂ ವಾರಗಳ ಮೊದಲೇ ಕೇಳಿ ತಿಳಿದುಕೊಳ್ಳಿ.

ಮಗು ನಿಮ್ಮದೇ, ಪ್ರೀತಿಯೂ ನಿಜವೇ. ಆದರೆ ಕೌಂಟರಿನ ಆಚೆ ಕೂತವರಿಗೆ ನಿಮ್ಮ ಮನೆ ಗೊತ್ತಿಲ್ಲ. ಇವತ್ತೇ ಕೂತು ಬರೆಯಿರಿ. ಸಮುದ್ರದ ಆಚೆ ಯಾರೋ ನಿಮ್ಮ ಮಗುವಿನ ಎತ್ತರ ಅಂದಾಜು ಮಾಡುತ್ತಾ ಕಾದಿದ್ದಾರೆ.