ಮೊಣಕೈ ಆಳದ ನೀರು

ಗಾದಿಗನೂರಿನಾಚೆ ಅದಿರು ಲಾರಿ ತೊಳೆಯುವ ಅಂಗಳದಲ್ಲಿ ವಿದ್ಯಾಧೀಶ ಕೆಮಿಸ್ಟು. ಬೆಟ್ಟ ಬಗೆದು ಚೀನಾಕ್ಕೆ ಸಾಗಿಸುವ ಭರಾಟೆಯಲ್ಲಿ ದಿನಕ್ಕೆ ಮುನ್ನೂರು ಲಾರಿ ಅಲ್ಲಿ ಮೈ ತೊಳೆದುಕೊಳ್ಳುತ್ತಿದ್ದವು. ಡೀಸೆಲ್ಲು, ಗ್ರೀಸು, ಕೆಂಪು ಧೂಳು ಕೂಡಿದ ಆ ನೀರು ಮೂರು ತೊಟ್ಟಿ ದಾಟಿ ಹಳ್ಳ ಸೇರಬೇಕು. ಮೊದಲನೆಯದರಲ್ಲಿ ತೇಲಿದ ಎಣ್ಣೆಯನ್ನು ತಿರುಗುವ ಪಟ್ಟಿ ಬಳಿದೆತ್ತಬೇಕು. ಎರಡನೆಯದರಲ್ಲಿ ಪಟಿಕ ಬಿದ್ದು ಉಳಿದ ಕೊಳೆ ಗಂಟುಕಟ್ಟಿ ತಳ ಹಿಡಿಯಬೇಕು. ಮೂರನೆಯದರಲ್ಲಿ ಮರಳು ಸೋಸಬೇಕು. ಪಟ್ಟಿಯ ಮೋಟಾರು ಸುಟ್ಟು ಆರು ತಿಂಗಳಾಗಿತ್ತು. ಪಟಿಕ ಬರುವುದೂ ನಿಂತಿತ್ತು.

"ಲಾರಿ ನಿಲ್ಲಬಾರ್ದ್ರಿ ಆಚಾರ್ರೇ. ಉಳಿದದ್ದು ನಿಮ್ಮ ಕೈಚಳಕ," ಎಂದು ವಿದ್ಯಾಧೀಶನಿಗೆ ಹೇಳಿದ್ದ ಮ್ಯಾನೇಜರ್.

ಕೈಚಳಕ ಇಷ್ಟೇ. ತಿಂಗಳಿಗೊಮ್ಮೆ ಮಾಲಿನ್ಯ ಮಂಡಳಿಯ ಪರೀಕ್ಷೆಗೆ ಹೋಗುವ ಬಾಟಲಿಯ ಬಾಯಿಗೆ ಹೆಬ್ಬೆರಳೊತ್ತಿ, ಹಳ್ಳದ ಬಾಯಲ್ಲಿ ಮೊಣಕೈವರೆಗೆ ಮುಳುಗಿಸಿ, ಆಮೇಲೆ ಬೆರಳು ತೆಗೆಯುವುದು. ಎಣ್ಣೆ ಮೇಲೆ ತೇಲುತ್ತಿರುತ್ತದೆ, ಬಾಟಲಿಗೆ ಅಡಿಯ ನೀರು ಬರುತ್ತದೆ. ವರದಿ ಪ್ರತಿ ಸಲ ಚೊಕ್ಕ.

ಈ ಸಲ ಬಾಟಲಿ ಹಿಡಿದು ಹೋದಾಗ ಅಂಗಳ ಗುಡಿಸುವ ಭರಮಮ್ಮ ಹಳ್ಳದ ದಂಡೆಯಲ್ಲಿ ತಂಬಿಗೆ ಹಿಡಿದು ಕೂತಿದ್ದಳು.

"ಬರ್ರಿ ಆಚಾರ್ರೇ. ನಿಮ್ಮಿಂದ ನಮ್ಮ ಓಣಿಗೆ ಭಾಳ ಉಪಕಾರ ಆತು."

"ನಾನೇನು ಮಾಡಿದೆ ಭರಮಮ್ಮ?"

"ಬೋರು ಬತ್ತಿದ ಮ್ಯಾಲ ನಮಗ ಇದಾ ಹಳ್ಳದ ನೀರು. ಮ್ಯಾಲೆ ನವಿಲು ಬಣ್ಣ, ಕುಡಿದ್ರ ವಾಂತಿ. ನೀವು ಹೆಂಗ ತುಂಬ್ತೀರಂತ ನೋಡಿ ಕಲ್ತೆ ನೋಡ್ರಿ." ಅವಳು ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ, ಮೊಣಕೈವರೆಗೆ ಮುಳುಗಿಸಿ, ಕೈ ತೆಗೆದಳು. "ಹಿಂಗಲ್ರಿ? ಬಾಜೂಮನಿ ಊರಮ್ಮಗೂ ಕಲಿಸೀನಿ. ಈಗ ಓಣಿ ಪೂರಾ ಹಿಂಗಾ ತುಂಬ್ತಾರ. ಓದಿದೋರು ಸುಮ್‌ಸುಮ್ಕ ಮಾಡ್ತಾರೇನು!"

ತುಂಬಿದ ತಂಬಿಗೆಯನ್ನು ಅವನ ಕಡೆ ಚಾಚಿದವಳು ತಟ್ಟನೆ ಹಿಂದೆಳೆದು ನಕ್ಕಳು. "ಅಯ್ಯ, ಮರ್ತೆ. ನಿಮಗ ಮಡಿ. ನಮ್ಮ ಕೈ ನೀರು ಆಗಂಗಿಲ್ಲ."

ಮಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ವಿದ್ಯಾಧೀಶ ಹೌದೆಂದು ತಲೆಯಾಡಿಸಿದ. ಸಾರ್ವಜನಿಕವಾಗಿ ಅವನು ಹಳಿಯುತ್ತಿದ್ದ ಅಜ್ಜನ ಮಡಿಯೇ ಅವತ್ತು ಅವನ ಪ್ರಾಣ ಕಾಯಿತು. ಅವಳು ಅವನೆದುರೇ ಗಟಗಟ ಕುಡಿದಳು. ಆ ಗಂಟಲಿನ ಸದ್ದಿಗೆ ಅವನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ನೀರಿಗೆ ಬಗ್ಗಿದ. ಹೆಬ್ಬೆರಳು ತಾನಾಗಿಯೇ ಬಾಟಲಿಯ ಬಾಯಿಗೆ ಹೋಯಿತು. ಕಿತ್ತು ತೆಗೆದ. ಮೇಲಿನ ನೀರನ್ನೇ ಮೊಗೆದ. ಗಾಜಿಗೆ ಎಣ್ಣೆ ಮೆತ್ತಿಕೊಂಡಿತು.

"ತಪ್ಪಿದ್ರಲ್ರೀ! ಎಣ್ಣಿ ಒಳಗ ಹೋತು. ಚೆಲ್ರಿ, ಜಲ್ದಿ ಚೆಲ್ರಿ!"

"ಇದೇ ಸರಿ, ಭರಮಮ್ಮ. ಇಷ್ಟು ದಿನ ಮಾಡಿದ್ದು ಮೋಸ. ಅಡಿಯ ನೀರಾಗೂ ಡೀಸೆಲ್ ಕಲೆತಿರ್ತದ. ಕಾಗದಕ್ಕ ನಡೀತದ, ಹೊಟ್ಟಿಗೆ ನಡಿಯಂಗಿಲ್ಲ. ಕುಡೀಬ್ಯಾಡ್ರಿ."

ಅವಳು ತಂಬಿಗೆಯನ್ನೇ ನೋಡಿದಳು.

"ಹಂಗಾದ್ರ ಊರಮ್ಮನ ಕೂಸಿಗೆ ಕುಡಿಸಿದ್ದು?"

ವಿದ್ಯಾಧೀಶ ಕೈಯಲ್ಲಿದ್ದ ಬಾಟಲಿಯ ಕಡೆ ಕಣ್ಣಿಳಿಸಿದ.

"ನಡೀರಿ," ಎಂದು ಅವಳು ಎದ್ದಳು. "ಓಣಿಗೆ ಬಂದು ನೀವಾ ಹೇಳ್ರಿ. ನಿಮ್ಮ ಹೆಸರು ಹೇಳಿ ಕಲಿಸೀನಿ. ಈಗ ನಾ ಹೇಳಿದ್ರ ಯಾರು ನಂಬ್ತಾರ?"

ಅಂಗಳದಿಂದ ಮ್ಯಾನೇಜರ್ ಕೂಗಿದ: "ಆಚಾರ್ರೇ, ಬಾಟಲಿ ಆತೇನ್ರಿ? ಜೀಪು ನಿಂತೈತಿ!"

ವಿದ್ಯಾಧೀಶ ಬಿರಡೆ ಒತ್ತಿ, ಬಾಟಲಿಯನ್ನು ಎದೆಗವಚಿಕೊಂಡು, ತಲೆ ಎತ್ತದೆ ಅವಳ ಹಿಂದೆ ನಡೆದ.