ವಿಷ್ಣುಮೂರ್ತಿಯ ಬಲಗಣ್ಣು

ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ನಾನು ಆಪ್ಟೋಮೆಟ್ರಿ ವಿದ್ಯಾರ್ಥಿಗಳಿಗೆ ಕಾಂಟ್ಯಾಕ್ಟ್ ಲೆನ್ಸ್ ಪಾಠ ಮಾಡಿದೆ. ಕಣ್ಣಿಗೆ ಸರಿಯಾದ ಲೆನ್ಸ್ ಆರಿಸುವುದನ್ನು ಯಾರಿಗಾದರೂ ಕಲಿಸಬಹುದು. ಆ ಲೆನ್ಸನ್ನು ಮನೆಗೆ ಕೊಂಡುಹೋಗುವ ಮನುಷ್ಯನಿಗೆ ಬುದ್ಧಿ ಹೇಳಿ ಕಳಿಸುವುದೇ ಕಷ್ಟದ ಕೆಲಸ. ಅದಕ್ಕಾಗಿ ನನ್ನದೊಂದು ಕಾನೂನಿತ್ತು. ರೋಗಿ ತನ್ನ ಬಾಯಿಂದ ಹೇಳಬೇಕು, ತನ್ನ ಕೈಯಿಂದ ಮಾಡಿ ತೋರಿಸಬೇಕು, ಆಮೇಲೆ ನನ್ನ ಸಹಿ. ರೋಗಿಗೆ ಕಲಿಸಬೇಕಾದುದರ ಇಪ್ಪತ್ತೆರಡು ಸಾಲುಗಳ ಹಾಳೆಯಲ್ಲಿ ಒಂದು ಸಾಲು ಬಿಟ್ಟುಹೋದರೂ ಹುಡುಗರನ್ನು ಊಟಕ್ಕೆ ಬಿಡುತ್ತಿರಲಿಲ್ಲ.

"ಅರ್ಥ ಆಯ್ತಾ ಅಂತ ಕೇಳ್ಬೇಡಿ, ಎಲ್ಲರೂ ಹೂಂ ಅಂತಾರೆ. ಏನು ಅರ್ಥ ಆಯ್ತು ಅಂತ ಕೇಳಿ" ಎಂದು ಪ್ರತಿ ವರ್ಷ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಬೆನ್ನ ಹಿಂದೆ ಅವರು ನನ್ನನ್ನು ಟೀಸಿ ಎಂದು ಕರೆಯುತ್ತಿದ್ದರು. ಟಿಕೆಟ್ ಇಲ್ಲದವರನ್ನು ಹಿಡಿಯುವ ರೈಲ್ವೆಯ ಟೀಸಿ. ಗೊತ್ತಿದ್ದೂ ನಾನು ಸುಮ್ಮನಿದ್ದೆ, ಒಳಗೊಳಗೆ ಖುಷಿಯೇ ಆಗುತ್ತಿತ್ತು.

ವಿಷ್ಣುಮೂರ್ತಿ ನಮ್ಮಲ್ಲಿಗೆ ಬಂದದ್ದು ೨೦೧೩ರಲ್ಲಿ. ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಶಾಕಾಹಾರಿ ಹೋಟೆಲಿನಲ್ಲಿ ಅಡುಗೆಯವನು, ಮನೆ ದಿವಾದಲ್ಲಿ, ವಯಸ್ಸು ಮೂವತ್ತನಾಲ್ಕು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ತೆಳುವಾಗಿ, ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕಾಯಿಲೆ ಅವನಿಗಿತ್ತು. ಅಂಥ ಕಣ್ಣಿಗೆ ಕನ್ನಡಕದಿಂದ ಪ್ರಯೋಜನವಿಲ್ಲ, ಗಟ್ಟಿ ಲೆನ್ಸ್ ಸರಿಯಾಗಿ ಕೂತರೆ ಮಾತ್ರ ಜಗತ್ತು ಕಾಣಿಸುತ್ತದೆ. ಎಡಗಣ್ಣಿನ ಪೊರೆಯಲ್ಲಿ ಆಗಲೇ ಕಲೆ ಬಿದ್ದಿತ್ತು. ಉಳಿದದ್ದು ಬಲಗಣ್ಣೊಂದೇ.

ಅವನ ಕೇಸು ನಿಶಾಳ ಪಾಲಿಗೆ ಬಂತು. ಕೊನೆಯ ವರ್ಷದ ಹುಡುಗಿ, ಹುಟ್ಟಿ ಬೆಳೆದದ್ದು ಡೊಂಬಿವಿಲಿಯಲ್ಲಿ. ಅಪ್ಪ ಅಮ್ಮ ಉಡುಪಿಯವರಾದರೂ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವಳು. ಮಾತು ಕಡಿಮೆ, ಕೈ ಚುರುಕು. ಹಸಿರಾಗಿ ಹೊಳೆಯುವ ಹನಿ ಹಾಕಿ, ನೀಲಿ ಬೆಳಕಿನಲ್ಲಿ ಲೆನ್ಸ್ ಎಲ್ಲಿ ಒತ್ತುತ್ತಿದೆ, ಎಲ್ಲಿ ತೇಲುತ್ತಿದೆ ಎಂದು ನೋಡಿ ನೋಡಿ, ಮೂರನೆಯ ಭೇಟಿಯಲ್ಲಿ ಅವನಿಗೆ ಒಪ್ಪುವ ಲೆನ್ಸನ್ನು ಕೂರಿಸಿಯೇಬಿಟ್ಟಳು. ಅವನು ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿದ. ಆಮೇಲೆ ನನ್ನ ಕಡೆ ತಿರುಗಿದ.

"ಊರ್ಮಿಳಕ್ಕ, ನಿಮ್ಮ ತಲೆಯಲ್ಲಿ ಬಿಳಿ ಕೂದಲು ಉಂಟಲ್ಲ. ನಾನು ನಿಮ್ಮನ್ನು ಸಣ್ಣ ಪ್ರಾಯದವರು ಅಂತ ಗ್ರಹಿಸಿದ್ದೆ."

"ಹಾಗಾದ್ರೆ ಆ ಲೆನ್ಸ್ ವಾಪಸ್ ಕೊಡು ಮಾರಾಯ" ಎಂದೆ. ನಿಶಾ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವನ ಊರು ನನ್ನ ತವರಿನಿಂದ ಎರಡು ಬಸ್ ಸ್ಟಾಪ್ ಆಚೆ. ಅಷ್ಟು ಗೊತ್ತಾದ ಮೇಲೆ ಅವನು ನನಗೆ ರೋಗಿಯಾಗಿ ಉಳಿಯಲಿಲ್ಲ, ನಮ್ಮವನಾದ. ಅನಾಹುತಕ್ಕೆ ಅಷ್ಟೇ ಸಾಕಾಯಿತು.

ಲೆನ್ಸ್ ಮನೆಗೆ ಕೊಡುವ ದಿನ ಶನಿವಾರ. ಸಂಜೆಯ ಪಾರ್ಟಿ ಆರ್ಡರಿಗೆ ಅವನು ನಾಲ್ಕು ಗಂಟೆಯೊಳಗೆ ಹೋಟೆಲ್ ಮುಟ್ಟಬೇಕಿತ್ತು. ತುರ್ಭೆಯಲ್ಲಿ ಲೋಕಲ್ ರೈಲು ಹಿಡಿದು ಥಾಣೆಗೆ, ಅಲ್ಲಿಂದ ರಿಕ್ಷಾ. ಪಾಪ, ಗಡಿಯಾರ ನೋಡುತ್ತಾ ಕೂತಿದ್ದ. ಕೈ ತೊಳೆಯುವುದು, ಲೆನ್ಸ್ ಹಾಕುವುದು, ತೆಗೆಯುವುದು ಇಷ್ಟನ್ನು ನಿಶಾ ಅವನಿಂದ ಮೂರು ಮೂರು ಸಲ ಮಾಡಿಸಿದ್ದಳು. ಹಾಳೆಯಲ್ಲಿ ಇನ್ನೂ ಒಂಬತ್ತು ಸಾಲು ಖಾಲಿ.

"ಸಾಕು, ಇನ್ನುಳಿದದ್ದು ನಾನು ಹೇಳ್ತೇನೆ" ಎಂದೆ.

"ಮೇಡಮ್, ಸಫಾಯಿವಾಲಾ ಪಾರ್ಟ್ ಬಾಕಿ ಹೈ. ಇನ್‌ಸೇ ಕರ್‌ವಾನಾ ಹೈ" ಎಂದಳು, ಲೆನ್ಸ್ ಶುಚಿ ಮಾಡುವ ಭಾಗವನ್ನು ಅವನ ಕೈಯಿಂದಲೇ ಮಾಡಿಸಬೇಕೆಂದು.

"ನಮ್ಮ ಊರಿನವರು ನಿಶಾ. ನೀನು ಮುಂದಿನ ಪೇಶಂಟ್ ನೋಡು."

ಅವಳು ಹಾಳೆ ಹಿಡಿದುಕೊಂಡು ನಿಂತೇ ಇದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನನಗೇ ಕಲಿಸ್ಲಿಕ್ಕೆ ಬಂದ್ಯಾ?" ಎಂದು ಅವನೆದುರೇ ಗದರಿಸಿದೆ. ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

"ರಾತ್ರಿ ತೆಗೆದು ಈ ಡಬ್ಬಿಯಲ್ಲಿ ಔಷಧಿ ನೀರು ಹಾಕಿ ನೆನೆಸಿಡು, ಬೆಳಿಗ್ಗೆ ಹಾಕ್ಕೋ. ಗೊತ್ತಾಯ್ತಲ್ಲ?" ಎಂದೆ.

"ಗೊತ್ತಾಯ್ತಕ್ಕ."

ಐದು ನಿಮಿಷ ಯಾರ ಮನೆ ಎಲ್ಲಿ, ಯಾರ ಮಗಳನ್ನು ಎಲ್ಲಿಗೆ ಕೊಟ್ಟದ್ದು ಎಂದು ಮಾತಾಡಿದೆವು. ಒಂಬತ್ತು ಸಾಲಿಗೂ ಒಂದೇ ಉಸಿರಿನಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ವಾರ ಬಿಟ್ಟು ತಪಾಸಣೆಗೆ ಬಂದಾಗಲೂ "ಎಲ್ಲ ಸರಿ ಉಂಟಲ್ಲ?" ಎಂದು ಕೇಳಿದೆ. ಅವನು "ಉಂಟಕ್ಕ" ಎಂದು ಪತ್ರೊಡೆಯ ಡಬ್ಬಿ ಕೊಟ್ಟ. ಕಣ್ಣು ಚೆನ್ನಾಗಿತ್ತು, ಪತ್ರೊಡೆಯೂ ಚೆನ್ನಾಗಿತ್ತು.

ಎರಡು ತಿಂಗಳ ನಂತರ ಒದ್ದೆ ಟವೆಲ್ಲಿನಿಂದ ಕಣ್ಣು ಮುಚ್ಚಿಕೊಂಡು ಬಂದ. ಹದಿನೈದು ದಿನದಿಂದ ನೋವಂತೆ. ಮನೆಯ ಹತ್ತಿರದ ಡಾಕ್ಟರು ಸಾಮಾನ್ಯ ಕಣ್ಣುಬೇನೆ ಎಂದು ಹನಿ ಕೊಟ್ಟಿದ್ದರಂತೆ. ಇವನು ಲೆನ್ಸ್ ಹಾಕಿಕೊಂಡೇ ದೋಸೆ ಹೊಯ್ಯುತ್ತಿದ್ದ. ಬೆಳಕು ಬಿದ್ದರೆ ಕೂಗಿಕೊಳ್ಳುವಷ್ಟು ನೋವು. ಪೊರೆಯ ಮೇಲೆ ಉಂಗುರದಂಥ ಬಿಳಿ ಗುರುತು ಕಂಡಿತು.

ನಿಶಾ ಅವನ ಪಕ್ಕ ಸ್ಟೂಲ್ ಎಳೆದು ಕೂತಳು. ನಾನು ಕೇಳಬೇಕಾಗಿದ್ದುದನ್ನು ಅವಳು ಕೇಳಿದಳು, ಮಾಡಿ ತೋರಿಸಿ ಎಂದಳು.

"ಭಯ್ಯಾ, ಸುಬಹ್ ಡಬ್ಬೀ ಸೇ ಲೆನ್ಸ್ ಕೈಸೇ ನಿಕಾಲ್ತೇ ಹೋ? ಕರ್‌ಕೇ ದಿಖಾವೋ."

ಅವನು ಕಿಸೆಯಿಂದ ಡಬ್ಬಿ ತೆಗೆದ. ತಡಕಾಡುತ್ತಾ ವಾಶ್‌ಬೇಸಿನ್ ಹತ್ತಿರ ಹೋಗಿ ಔಷಧಿ ನೀರು ಚೆಲ್ಲಿದ. ಲೆನ್ಸನ್ನು ಎಡ ಅಂಗೈಯಲ್ಲಿಟ್ಟು ನಲ್ಲಿ ತಿರುಗಿಸಿ, ಬೇಳೆ ತೊಳೆಯುವ ಹಾಗೆ ಅಂಗೈ ಬಳುಕಿಸಿ, ಬೆರಳಂಚಿನಿಂದ ನೀರು ಬಸಿದ. ಮತ್ತೊಮ್ಮೆ. ಮಗದೊಮ್ಮೆ.

"ರಾತ್ರಿಯಿಡೀ ನೆನೆದದ್ದಲ್ವಾ ಅಕ್ಕ" ಎಂದ ನನಗೆ. "ನೆನೆಸಿದ ಉದ್ದನ್ನು ಯಾರಾದ್ರೂ ತೊಳೆಯದೆ ರುಬ್ತಾರಾ? ಮೂರು ನೀರು ತೊಳೆದೇ ಹಾಕುವುದು ನಾನು. ಒಂದು ದಿನ ತಪ್ಪಿಸಿಲ್ಲ."

ದಿವಾದಲ್ಲಿ ಅವನ ಮನೆಗೆ ನೀರು ಬರುವುದು ಎರಡು ದಿನಕ್ಕೊಮ್ಮೆ. ಉಳಿದಂತೆ ಡ್ರಮ್ಮಿನ ನೀರು. ಅಂಥ ನೀರಿನಲ್ಲಿ ಬದುಕುವ ಕಣ್ಣಿಗೆ ಕಾಣದ ಒಂದು ಜೀವಿ ಲೆನ್ಸಿನ ಅಡಿ ಸೇರಿ ಪೊರೆಯನ್ನು ತಿನ್ನುತ್ತದೆ. ಹಾಳೆಯ ಹದಿನಾಲ್ಕನೆಯ ಸಾಲು, ಲೆನ್ಸಿಗೆ ಯಾವ ಕಾರಣಕ್ಕೂ ನೀರು ತಾಗಿಸಬಾರದು. ಅದರ ಎದುರು ನನ್ನ ಗುರುತಿತ್ತು. ಹುಟ್ಟಿದಂದಿನಿಂದ ಉದ್ದು ನೆನೆಸಿದವನಿಗೆ ನೆನೆಸು ಎಂದಷ್ಟೇ ಹೇಳಿ ಕಳಿಸಿದವಳು ನಾನು.

ಥಾಣೆಯ ಆಸ್ಪತ್ರೆಗೆ ಸೇರಿಸಿದೆವು. ಗಂಟೆಗೊಂದು ಹನಿ, ಹಗಲೂ ರಾತ್ರಿ. ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಹಾಳೆ ತರಿಸಿ, ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ ನಿಶಾಳ ಹೆಸರು ನೋಡಿ ಅವಳನ್ನು ಕರೆಸಿದರು. ಅವಳು ತಲೆ ತಗ್ಗಿಸಿ ನಿಂತಿದ್ದಳು, ನನ್ನ ಹೆಸರೆತ್ತಲಿಲ್ಲ. ತಪ್ಪು ನನ್ನದು ಎಂದು ನಾನೇ ಹೇಳಿದೆ. ಇನ್ನು ಮುಂದೆ ಜಾಗ್ರತೆ ವಹಿಸಿ ಎಂದು ನನಗೊಂದು ಪತ್ರ ಕೊಟ್ಟರು. ಒಂದು ಕಣ್ಣಿಗೆ ಒಂದು ಪತ್ರ.

ಮೂರನೆಯ ತಿಂಗಳಲ್ಲಿ ಸೋಂಕು ನಿಂತಿತು, ಪೊರೆ ಸುಣ್ಣದಂತೆ ಬೆಳ್ಳಗಾಗಿತ್ತು. ಬೇರೆಯವರ ಪೊರೆ ಹಾಕಿದರೂ ಉಳಿಯುವ ಭರವಸೆ ಕೊಡಲಾರೆವು ಎಂದರು ಡಾಕ್ಟರು. ಹೋಟೆಲಿನವರು ಬೇರೆ ಅಡುಗೆಯವನನ್ನು ಇಟ್ಟುಕೊಂಡಿದ್ದರು. ಆ ದಿನ ಮಧ್ಯಾಹ್ನ ನಿಶಾ ನನ್ನೊಡನೆ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಳು. ನಾನೊಬ್ಬಳೇ ಒಳಗೆ ಹೋದೆ.

ದನಿ ಕೇಳಿ ಅವನು ಎದ್ದು ಕೂತ. "ಬನ್ನಿ ಅಕ್ಕ. ನೀವು ಹೇಳಿರ್ತೀರಿ. ನನ್ನ ತಲೆಗೇ ಹೋಗ್ಲಿಲ್ಲ, ನನ್ನದೇ ತಪ್ಪು."

ಸುಮ್ಮನಿದ್ದುಬಿಡಬಹುದಿತ್ತು. ಎಷ್ಟು ಸುಲಭವಿತ್ತು ಅದು. ಆದರೆ ಅವನ ಕಣ್ಣನ್ನು ಕಳೆದು ಅವನಿಂದಲೇ ಕ್ಷಮೆ ಕೇಳಿಸಿಕೊಳ್ಳುವಷ್ಟು ಕಟುಕಳಾಗಲು ನನ್ನಿಂದ ಆಗಲಿಲ್ಲ.

"ನಾನು ಹೇಳಿರ್ಲಿಲ್ಲ ವಿಷ್ಣುಮೂರ್ತಿ. ನೀರು ತಾಗಿಸ್ಬಾರ್ದು ಅಂತ ಹೇಳ್ಬೇಕಿತ್ತು. ಹೇಳದೆ ಸಹಿ ಹಾಕಿದೆ."

ಅವನು ಹಾಸಿಗೆಯ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದ. ಇರಲಿ ಬಿಡಿ ಅಕ್ಕ ಎನ್ನುತ್ತಾನೆ ಎಂದು ಕಾದೆ. ಸತ್ಯ ಹೇಳುತ್ತೇನೆ, ಅದನ್ನು ಕೇಳುವ ಆಸೆಯಿಂದಲೇ ಅಲ್ಲಿಗೆ ಹೋಗಿದ್ದೆ.

"ಆ ಹುಡುಗಿಗೆ ಹೇಳ್ಲಿಕ್ಕೆ ಮನಸ್ಸಿತ್ತು" ಎಂದ ಕೊನೆಗೆ. "ನೀವು ಗದರಿಸಿ ಕಳಿಸಿದ್ರಿ. ನನಗೂ ಅವತ್ತು ಒಳ್ಳೇದೇ ಆಯ್ತು ಅನ್ನಿಸಿತ್ತು, ಬೇಗ ಹೋಗ್ಬಹುದು ಅಂತ."

ನನಗೆ ಅಳು ತಡೆಯಲಾಗಲಿಲ್ಲ. ಅವನು ಸಮಾಧಾನ ಹೇಳಲಿಲ್ಲ.

"ಅವಳು ಬಂದಿದ್ದಾಳಾ?"

"ಹೊರಗಿದ್ದಾಳೆ."

"ಒಳಗೆ ಕಳಿಸಿ. ನಾಳೆ ಮನೆಗೆ ಹೋಗ್ತೇನೆ, ನನ್ನಷ್ಟಕ್ಕೆ ಹನಿ ಹಾಕಿಕೊಳ್ಳುವ ಕ್ರಮ ಅವಳು ಹೇಳಿ ಕೊಡ್ಲಿ. ನೀವು ಹೊರಗೆ ಕೂತ್ಕೊಳ್ಳಿ."