ಸಮಪಾಲು ಹುಚ್ಚೆಳ್ಳು ಪುಡಿ

"ನಿಮ್ಮವ್ವನ ಕೈಯಲ್ ಕುಟ್ಟಿದ್ದ ನನ್ ಬಾಯ್ಗ ಆಕ್ಬುಟ್ಟೇನ್ಲಾ, ಬಡ್ಡೈದ್ನೆ?"

ಸಮುದಾಯ ಭವನದ ಜಗುಲಿಯ ಮೇಲೆ ನಿಂತು ಮೇಲಿನ ಬೀದಿಯ ಯಜಮಾನ ಪುಟ್ಟಬಸಪ್ಪ ಚೊಂಬಿನ ನೀರನ್ನು ಗಂಟಲಿಗೆ ಬಿಟ್ಟುಕೊಂಡು, ಗಳಗಳ ಮುಕ್ಕಳಿಸಿ ಉಗಿದ. ಅದು ಮಣಿಕಂಠನ ಕಾಲ್ಬೆರಳಿಗೆ ಸಿಡಿಯಿತು. ಅಂಗಳದ ತುಂಬ ಮೇಲಿನ ಬೀದಿಯ ಹೈಕಳು, ಕಾಲೋನಿಯ ಹೈಕಳು, ಬೆಂಗಳೂರಿನಿಂದ ಪಾಠ ಹೇಳಲು ಬಂದ ಶರ್ಮಿಳಾ ಮೇಡಂ, ಡೈರಿಗೆ ಹಾಲು ಹೊತ್ತು ಹೊರಟವರು. ಎಲ್ಲರೂ ನೋಡುತ್ತಿದ್ದರು.

"ಉಂಡ್ಬುಟ್ನಲ್ಲೋ ಶಿವನೇ! ತುಪ್ಪ ಕಲಸ್ಕಂಡ್ ಉಂಡ್ಬುಟ್ನಲ್ಲೋ!"

ವಾರವಿಡೀ ಉಂಡಿದ್ದ. ಉಂಡದ್ದೆಲ್ಲ ಯಾವತ್ತೋ ಹೊಟ್ಟೆಯಿಂದಿಳಿದು ಅವನದೇ ಬಾಳೆತೋಟದ ಮಣ್ಣು ಸೇರಿತ್ತು. ಈಗ ಎಷ್ಟು ಮುಕ್ಕಳಿಸಿದರೂ ಆಚೆ ಬರುವುದು ಅವನ ಎಂಜಲೇ. ಮಣಿಕಂಠ ಕಾಲ್ಬೆರಳನ್ನು ಮಣ್ಣಿಗೆ ಒರೆಸಿಕೊಂಡ.

ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಹೋಗುತ್ತಿದ್ದವನು ಮಣಿಕಂಠ. ಓದುವ ಹೈಕಳೂ ಇರಬೇಕು, ಓದು ಬಿಟ್ಟವೂ ಇರಬೇಕು, ಎರಡೂ ಬೀದಿಯವು ಬೆರೆತಿರಬೇಕು ಅಂತ ದುಡ್ಡು ಕೊಡುವವರು ಷರತ್ತು ಹಾಕಿದ್ದರಿಂದ ಮೇಡಮ್ಮಿನ ವ್ಯಾಪಾರದ ತರಬೇತಿಗೆ ಸೇರಿಸಿಕೊಂಡಿದ್ದರು. ಮೊದಲ ದಿನವೇ ಮೇಡಂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ಫೇರ್ ಟ್ರೇಡ್. ಬೆಳೆದವರಿಗೂ ಮಾಡಿದವರಿಗೂ ನ್ಯಾಯವಾದ ಪಾಲು, ಮೇಲೆ ಮರ್ಯಾದೆ. ಹುಡುಗರೇ ಕಂಪನಿ ಕಟ್ಟಿ, ಹುಡುಗರೇ ನಡೆಸಿ ಕಲಿಯಬೇಕು. ಕಂಪನಿಗೆ 'ಸಮಪಾಲು' ಅಂತ ಹೆಸರಿಟ್ಟವನು ಪುಟ್ಟಬಸಪ್ಪನ ಮೊಮ್ಮಗ ಗುರುಪ್ರಕಾಶ್.

ಮೊದಲು ಯಾವ ಮಾಲು ಮಾರುವುದು? ಅದಕ್ಕೆ ಮೇಡಂ ಒಂದು ಆಟ ಹೂಡಿದಳು. ಎಲ್ಲರ ಮನೆಯಿಂದ ಒಂದೊಂದು ಪುಡಿ, ಎಲ್ಲಕ್ಕೂ ಒಂದೇ ಥರದ ಡಬ್ಬಿ, ರುಚಿ ನೋಡುವವರ ಕಣ್ಣಿಗೆ ಟವೆಲು. ಯಾರ ಮನೆಯದು ಅಂತ ಕೇಳದೆ ಈ ಊರಲ್ಲಿ ನೀರೂ ಗಂಟಲಿಳಿಯುವುದಿಲ್ಲ ಅನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮುಖ್ಯ ಅತಿಥಿ ಪುಟ್ಟಬಸಪ್ಪನೂ ಹಲ್ಲುಕಿರಿದು ಕಣ್ಣು ಕಟ್ಟಿಸಿಕೊಂಡ. ಒಂದು ಡಬ್ಬಿಯ ಹುಚ್ಚೆಳ್ಳು ಪುಡಿ ನಾಲಿಗೆಗೆ ಬಿದ್ದದ್ದೇ ತಡ, "ಇದ್ಕನವ್ವ ಪುಡಿ ಅನ್ನದು! ನಮ್ಮವ್ವ ಇಂಗೇ ಮಾಡ್ತಿದ್ಲು," ಅಂತ ಚಪ್ಪರಿಸಿ, ಡಬ್ಬಿ ಸಮೇತ ಮನೆಗೆ ಹೊತ್ತುಕೊಂಡು ಹೋದ.

ಅದು ಮಣಿಕಂಠನ ಅವ್ವ ಚಿಕ್ಕತಾಯಮ್ಮ ಕಾಲೋನಿಯ ಒರಳಿನಲ್ಲಿ ಕುಟ್ಟಿದ್ದು.

ಆ ಪುಡಿಗೆ ಬೆಂಗಳೂರಿನ ಅಂಗಡಿಯೊಂದರಿಂದ ಆರ್ಡರು ಬಂದ ಖುಷಿಗೆ ಮೇಡಂ ನಿನ್ನೆ ಒನಕೆ ಹಿಡಿದ ಚಿಕ್ಕತಾಯಮ್ಮನ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಬಿಟ್ಟಳು. ಮೇಲಿನ ಬೀದಿಗೆ ಬೆಂಕಿ ಬಿತ್ತು. ಗುರುಪ್ರಕಾಶನ ತಾಯಿ ಬೆಳೆದ ಮಗನ ಬಾಯಿಗೆ ಬೆರಳಿಟ್ಟು ಕಕ್ಕಿಸಿ, ತಲೆಗೆ ನೀರು ಸುರಿದು, ಹಣೆ ತುಂಬ ವಿಭೂತಿ ಬಳಿದಳು.

ಆ ವಿಭೂತಿ ಹೊತ್ತುಕೊಂಡೇ ಗುರುಪ್ರಕಾಶ್ ಈಗ ಕಂಬಕ್ಕೊರಗಿ ಮೊಬೈಲು ತಿಕ್ಕುತ್ತಿದ್ದ. ಕ್ಲಾಸಿನಲ್ಲಿ ಹೆಗಲ ಮೇಲೆ ಕೈ ಹಾಕಿ 'ಪಾರ್ಟ್ನರ್' ಅನ್ನುತ್ತಿದ್ದವನು.

"ಲೇ ಗುರು, ನೀನಾದ್ರೂ ಏಳ್ಲಾ. ನಾನೇನ್ ಕದ್ದು ತಿನ್ಸುದ್ನ?"

"ನಂಗೇನ್ ಗೊತ್ತು ಮಣಿ? ತಾತನ್ನ ಕೇಳು."

ಮೇಡಂ ಮಣಿಕಂಠನನ್ನು ಗೋಡೆಯ ಕಡೆಗೆ ಕರೆದಳು. "ನೋಡು ಮಣಿ, ಪ್ರಾಕ್ಟಿಕಲ್ಲಾಗಿ ಯೋಚ್ನೆ ಮಾಡು. ಯಜಮಾನ್ರು ಭವನ ಬಿಟ್ಕೊಡಲ್ಲ ಅಂತಿದಾರೆ. ಒಂದ್ ದಾರಿ ಇದೆ. ನಿಮ್ಮಮ್ಮ ಅಂಗಳದಲ್ಲೇ ಕೂತು ಮಾಡೋದು ಹೇಗೆ ಅಂತ ಹೇಳ್ಕೊಡ್ಲಿ. ಒಳಗೆ ಈ ಬೀದಿ ಹೆಂಗಸ್ರು ಮಿಕ್ಸೀಲಿ ಮಾಡ್ತಾರೆ. ಪ್ಯಾಕೆಟ್ ಮೇಲೆ ಅಮ್ಮನ ಫೋಟೋನೇ ಇರುತ್ತೆ. ಬೆಂಗಳೂರಿನೋರಿಗೆ ಅದೇ ಇಷ್ಟ."

"ಕೊಳ್ಳೇಗಾಲದ್ ಸಂತೇಲ್ ಮಾರ ಪ್ಯಾಕೆಟ್ಗ?"

ಮೇಡಂ ಕನ್ನಡಕ ತೆಗೆದು ಒರೆಸಿದಳು. "ಅಲ್ಲಿಗೆ ಬೇರೆ ಸ್ಟಿಕ್ಕರ್. ಫೋಟೋ ಇಲ್ದಿರೋದು."

"ಅಂದ್ರ ಬೆಂಗ್ಳೂರ್ಗ ನಮ್ಮವ್ವನ ಮೊಕ ಬೇಕು, ಕೈ ಬ್ಯಾಡ. ಇಲ್ಲಿಗ ಮೊಕಾನೂ ಬ್ಯಾಡ. ಇದೇ ಏನ್ ಮೇಡಂ ನೀವ್ ಬೋರ್ಡ್ ಮ್ಯಾಲ್ ಬರ್ದಿದ್ದು?"

"ಹಾಗಲ್ಲ ಮಣಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಮುಂದೆ ನಿಧಾನಕ್ಕೆ ಎಲ್ಲಾ..."

ಅಷ್ಟರಲ್ಲಿ ಚಿಕ್ಕತಾಯಮ್ಮ ಗೇಟಿನ ಹತ್ತಿರ ಬಂದು ನಿಂತಳು. ಪುಡಿ ಮಾಡೋದು ಹೇಳಿಕೊಡಬೇಕು ಅಂತ ಮೇಡಮ್ಮೇ ಫೋನು ಮಾಡಿ ಕರೆಸಿದ್ದು. ಆರ್ಡರಿಗೆಂದು ಬೆಳಗ್ಗೆ ಹುರಿದಿದ್ದ ಹುಚ್ಚೆಳ್ಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದಳು, ಇನ್ನೂ ಬಿಸಿ ಆರಿರಲಿಲ್ಲ. ಜಗುಲಿಯ ಕಡೆ ನೋಡಿದವಳೇ ಅಂಗಳದ ಮಣ್ಣಿಗೆ ಕುಕ್ಕರುಗಾಲಲ್ಲಿ ಕೂತಳು.

"ತಪ್ಪಾಯ್ತು ಬುದ್ದಿ."

ಯಾವ ತಪ್ಪು ಅಂತ ಅವಳಿಗೇ ತಿಳಿಯದು.

"ಅವ್ವ, ಏಳು ಮ್ಯಾಕ."

"ಸುಮ್ಕಿರು ಮಗ. ನಾಳಿಕ ಅವ್ರ ತೋಟಕ್ಕೇ ಕೂಲಿಗ್ ಓಗ್ಬೇಕು. ಬಾಯಲ್ ಏಳ್ಕೊಟ್ರ ನಂದೇನ್ ಸವ್ದೋದದು? ಏಳ್ಕೊಡ್ತಿನಿ ಬುಡು."

"ಆ ಗಂಟ ಎಲ್ಲೀಗ್ ತಂದಿಯಮ್ಮೀ?" ಪುಟ್ಟಬಸಪ್ಪ ಜಗುಲಿಯಿಂದ ಕೂಗಿದ. "ಅತ್ಲಾಗ್ ಮಡಗು! ಗಾಳಿ ಇತ್ಲಾಗೇ ಬೀಸ್ತಾ ಅದ!"

ಚಿಕ್ಕತಾಯಮ್ಮ ಗಂಟನ್ನು ಸರಕ್ಕನೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದಳು. ಬೆಳಕು ಹರಿಯುವ ಮುಂಚೆ ಎದ್ದು, ಕಲ್ಲು ಆರಿಸಿ, ಹೊಗೆ ಕುಡಿದು ಹುರಿದದ್ದನ್ನು, ಕೂಸು ಉಚ್ಚೆ ಹೊಯ್ದುಕೊಂಡ ಬಟ್ಟೆಯನ್ನು ಮುಚ್ಚಿಡುವ ಹಾಗೆ.

ಮಣಿಕಂಠ ಬಗ್ಗಿ ಸೆರಗು ಸರಿಸಿ ಗಂಟು ಎತ್ತಿಕೊಂಡ. ಎಲ್ಲರೆದುರೇ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದ. ಹುರಿದ ಹುಚ್ಚೆಳ್ಳಿನ ಘಮಲು ಅಂಗಳ ದಾಟಿ ಜಗುಲಿ ಹತ್ತಿತು. ಗಂಟನ್ನು ಹೈಕಳ ಮುಂದೆ ಹಿಡಿದ. ಕಾಲೋನಿಯವು ತಲೆ ತಗ್ಗಿಸಿದವು. ಮೇಲಿನ ಬೀದಿಯವು ಹಿಂದಕ್ಕೆ ಸರಿದವು. ಮೇಡಮ್ಮಿನ ಮುಂದೂ ಹಿಡಿದ. ಅವಳು ಕೈ ಚಾಚಲು ಹೋದಳು, ಜಗುಲಿಯ ಕಡೆ ನೋಡಿದಳು, ಕೈ ಅಲ್ಲೇ ನಿಂತಿತು.

ಮಣಿಕಂಠ ಗಂಟು ಕಟ್ಟಿ, ಅವ್ವನ ರಟ್ಟೆ ಹಿಡಿದು ಮೇಲೆಬ್ಬಿಸಿದ.

"ಮಣಿ, ಆರ್ಡರಿಗೆ ಏನಂತ ಹೇಳ್ಲಿ? ಉತ್ತರ ಕೊಡು ಮಣಿ!"

"ಓಗ್ಲಿ ಬುಡಿ ಮೇಡಂ!" ಪುಟ್ಟಬಸಪ್ಪ ಅಬ್ಬರಿಸಿದ. "ಲೇ, ನಾಳಿಂದ ನಿಮ್ಮವ್ವ ನನ್ ತೋಟದ್ ಬೇಲಿ ದಾಟ್ಲಿ, ಕಾಲ್ ಮುರೀತಿನಿ!"

ತಾಯಿ ಮಗ ಗೇಟು ದಾಟಿದರು. ಹಿಂದೆ ಚಪ್ಪಲಿಯ ಸದ್ದು ದಡದಡ ಬಂತು. ಪುಟ್ಟಬಸಪ್ಪ ಜಗುಲಿ ಇಳಿದು ಗೇಟಿನ ತನಕ ಬಂದಿದ್ದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಲೇ ಮಣಿ, ನಿಲ್ಲಪ್ಪ ವಸಿ. ಬೆಳ್ಳುಳ್ಳಿನ ಸುಟ್ ಆಕ್ತಾಳ, ಅಸೀದೇ ಆಕ್ತಾಳ? ಅದೊಂದ್ ಏಳ್ಬುಟ್ ಓಗ್ಲಾ."

ಮಣಿಕಂಠ ಅವ್ವನನ್ನು ಮುಂದೆ ಬಿಟ್ಟುಕೊಂಡು ಕಾಲೋನಿಯ ದಾರಿಗೆ ತಿರುಗಿದ. ಬಾಯಲ್ಲಿದ್ದುದನ್ನು ಅಗಿಯುತ್ತಲೇ ನಡೆದ.